ಕತ್ತಿ, ಮದ್ದು, ಕಾವು

ಒಂದು ಮಾತನ್ನು ನೀವು ಎಂದಾದರೂ ಕೇಳಿಯೇ ಇರುತ್ತೀರಿ. ನೆಂಟರ ಮನೆಯ ಜಗುಲಿಯ ಮೇಲೋ, ಆಸ್ಪತ್ರೆಯ ಮೊಗಸಾಲೆಯಲ್ಲೋ ಯಾರೋ ದನಿ ತಗ್ಗಿಸಿ ಆಡಿದ ಮಾತು: "ಹೊಟ್ಟೆ ಕೊಯ್ದು ನೋಡಿದರಂತೆ, ಏನೂ ಮಾಡುವ ಹಾಗಿರಲಿಲ್ಲವಂತೆ, ಹಾಗೆಯೇ ಹೊಲಿದುಬಿಟ್ಟರಂತೆ." ಅದರ ಆಚೆಗೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಜಠರ, ಕರುಳು, ಅಂಡಾಶಯ ಇವುಗಳಲ್ಲಿ ಹುಟ್ಟಿದ ಕ್ಯಾನ್ಸರು ಹೊಟ್ಟೆಯ ತುಂಬ ಚೆಲ್ಲಿಕೊಂಡ ಮೇಲೆ ಶಸ್ತ್ರವೈದ್ಯನಿಗೆ ಅಲ್ಲಿ ಕೆಲಸವಿಲ್ಲವೆಂಬುದು ಇಪ್ಪತ್ತನೆಯ ಶತಮಾನದ ಬಹುಪಾಲು ಪ್ರಬಲವಾಗಿದ್ದ ನಂಬಿಕೆ. ಆ ನಂಬಿಕೆಯನ್ನು ಯಾರು ಸಡಿಲಿಸಿದರು, ಎಷ್ಟರ ಮಟ್ಟಿಗೆ ಸಡಿಲಿಸಿದರು ಎಂಬುದನ್ನು ಈ ಪ್ರಬಂಧದಲ್ಲಿ ನೋಡೋಣ. ಎಷ್ಟರ ಮಟ್ಟಿಗೆ ಎಂಬ ಭಾಗವನ್ನು ಮರೆಯದೆ ಇಟ್ಟುಕೊಳ್ಳಿ; ಈ ಕಥೆಯಲ್ಲಿ ಉತ್ಸಾಹಕ್ಕೆ ಎಷ್ಟು ಎಡೆಯಿದೆಯೋ ಎಚ್ಚರಿಕೆಗೂ ಅಷ್ಟೇ ಎಡೆಯಿದೆ.

ಮೊದಲು ಹೊಟ್ಟೆಯ ಒಳಗನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು. ಉದರದ ಒಳಗೋಡೆಗೂ ಅದರೊಳಗಿನ ಅಂಗಗಳಿಗೂ ಹೊದಿಸಿದಂತೆ ತೆಳುವಾದ, ನುಣುಪಾದ, ಸದಾ ಒದ್ದೆಯಾದ ಒಂದು ಪೊರೆಯುಂಟು. ವೈದ್ಯರು ಅದನ್ನು ಪೆರಿಟೋನಿಯಮ್ ಎನ್ನುತ್ತಾರೆ. ನಾವು ಉದರಪೊರೆ ಎನ್ನೋಣ. ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಅದು ಸುಮಾರಾಗಿ ನಮ್ಮ ಮೈಚರ್ಮದಷ್ಟೇ ಅಗಲವಾಗುತ್ತದೆ. ಕರುಳುಗಳು ಒಂದಕ್ಕೊಂದು ತಿಕ್ಕದೆ ಜಾರುವುದು ಈ ಪೊರೆಯ ಮೇಲಿನ ತೇವದಿಂದ. ಆ ತೇವವೂ ನಿಂತ ನೀರಲ್ಲ. ನಾವು ಉಸಿರಾಡಿದಂತೆಲ್ಲ ಅದು ಕೆಳಹೊಟ್ಟೆಯಿಂದ ವಪೆಯ ಅಡಿಯವರೆಗೆ ಸುತ್ತುತ್ತಿರುತ್ತದೆ. ಈಗ ಕರುಳಿನ ಗೋಡೆಯನ್ನು ಕೊರೆದು ಹೊರಬಂದ ಗೆಡ್ಡೆಯೊಂದರಿಂದ ಕೆಲವು ಕಣಗಳು ಉದುರಿದುವೆನ್ನಿ. ಅವು ಆ ತೇವದಲ್ಲಿ ತೇಲಿ, ಎಲ್ಲಿ ನೀರು ಹೀರಲ್ಪಡುವುದೋ ಅಲ್ಲಿ, ಎಲ್ಲಿ ತಗ್ಗಿನಲ್ಲಿ ನಿಲ್ಲುವುದೋ ಅಲ್ಲಿ, ರಾಗಿ ಚೆಲ್ಲಿದ ಹಾಗೆ ಬಿದ್ದು ಮೊಳೆಯುತ್ತವೆ. ಕರುಳಿನ ಮುಂದೆ ಕೊಬ್ಬಿನ ಸೆರಗೊಂದು ಇಳಿಬಿದ್ದಿದೆ. ಹಲವೊಮ್ಮೆ ಅದೇ ಮೊದಲು ಗಟ್ಟಿಯಾದ ರೊಟ್ಟಿಯಂತಾಗುತ್ತದೆ. ಹೀಗೆ ಬಿತ್ತನೆಯಾಗಿ ಹರಡುವ ಬಗೆಯನ್ನು ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯ ೧೯೩೧ರಲ್ಲಿ ಅಂಡಾಶಯದ ಕ್ಯಾನ್ಸರನ್ನು ಕುರಿತು ಬರೆಯುತ್ತ ವಿವರಿಸಿದ್ದ. ಈ ಕಾಳುಗಳಿಗೆ ರಕ್ತನಾಳಗಳು ಕಡಿಮೆ. ಆದ್ದರಿಂದ ತೋಳಿನ ರಕ್ತನಾಳದಲ್ಲಿ ಕೊಟ್ಟ ಮದ್ದು ಅವುಗಳ ಬಳಿಗೆ ಸಾಕಷ್ಟು ಹೋಗುವುದೇ ಇಲ್ಲ.

ಇದಕ್ಕೆ ಕೊನೆಗೆ ಕೂಡಿಬಂದ ಚಿಕಿತ್ಸೆ ಮೂರು ಎಳೆಗಳಿಂದ ಹೊಸೆದದ್ದು. ಮೂರೂ ಬೇರೆ ಬೇರೆ ಕಡೆ, ಒಂದರ ಸುದ್ದಿ ಇನ್ನೊಂದಕ್ಕಿಲ್ಲದೆ, ಬೆಳೆದವು.

ಮೊದಲನೆಯದು ಕತ್ತಿ. ಬಾಸ್ಟನ್ ನಗರದ ಜೋ ಮೀಗ್ಸ್ ೧೯೩೪ರಲ್ಲಿ ಅಂಡಾಶಯದ ಕ್ಯಾನ್ಸರು ಹರಡಿದ್ದರೂ ತೆಗೆಯಬಹುದಾದಷ್ಟನ್ನು ತೆಗೆದುಬಿಟ್ಟರೆ ಆಮೇಲೆ ಕೊಡುವ ಕಿರಣಚಿಕಿತ್ಸೆ ಹೆಚ್ಚು ಫಲಿಸುವುದೆಂದು ಸೂಚಿಸಿದ. ಆಗ ಅದು ಅನೇಕರಿಗೆ ಹಟಮಾರಿತನವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಪೂರ್ತಿ ತೆಗೆಯಲಾರದ ಗೆಡ್ಡೆಯನ್ನು ಅರ್ಧ ತೆಗೆದು ರೋಗಿಯನ್ನು ನೋಯಿಸುವುದೇಕೆ? ಅದೇ ಬಾಸ್ಟನ್ನಿನ ಗ್ರಿಫಿತ್ಸ್ ೧೯೭೫ರಲ್ಲಿ ಲೆಕ್ಕ ಹಾಕಿ ತೋರಿಸಿದ: ಶಸ್ತ್ರಕ್ರಿಯೆಯ ಬಳಿಕ ಒಳಗೆ ಉಳಿದ ತುಣುಕುಗಳು ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕವಾಗಿದ್ದ ಹೆಂಗಸರು ಮಿಕ್ಕವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಎಷ್ಟು ತೆಗೆದೆ ಎಂಬುದಕ್ಕಿಂತ ಎಷ್ಟು ಉಳಿಸಿದೆ ಎಂಬುದು ಮುಖ್ಯವೆಂದಾಯಿತು. ಸಾಲ, ಬೆಂಕಿ, ರೋಗ ಇವುಗಳಲ್ಲಿ ಶೇಷ ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಅರ್ಬುದದ ವಿಷಯದಲ್ಲಿ ಸುಶ್ರುತನ ಎಚ್ಚರಿಕೆಯೂ ಅದೇ. ಆದರೆ ಉಳಿದದ್ದನ್ನು ಅಳೆದು ಆಯುಸ್ಸಿನೊಂದಿಗೆ ಹೋಲಿಸಿ ತೋರಿಸಿದಾಗಲೇ ಅದು ಶಾಸ್ತ್ರವಾದದ್ದು.

ಎರಡನೆಯದು ಮದ್ದು. ಇದರ ಹುಟ್ಟು ವಿಚಿತ್ರವಾದುದು: ಯುದ್ಧದ ವಿಷವಾಯುವಿನಿಂದ. ಮಸ್ಟರ್ಡ್ ಅನಿಲದ ಬಳಗಕ್ಕೆ ಸೇರಿದ ನೈಟ್ರೋಜನ್ ಮಸ್ಟರ್ಡನ್ನು ಯೇಲ್ ವಿಶ್ವವಿದ್ಯಾನಿಲಯದ ಗುಡ್‌ಮನ್ ಮತ್ತು ಗಿಲ್‌ಮನ್ ೧೯೪೨ರಲ್ಲಿ ಒಬ್ಬ ರೋಗಿಗೆ ಚುಚ್ಚಿ ನೋಡಿದರು. ಯುದ್ಧದ ಗುಟ್ಟಾದ್ದರಿಂದ ಸುದ್ದಿ ಹೊರಬಂದದ್ದು ೧೯೪೬ರಲ್ಲಿ. ಅದರ ಬೆನ್ನಿಗೇ, ೧೯೪೮ರಲ್ಲಿ, ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು ಗುಣ ಕಂಡ. ಆ ಮದ್ದು ಸಿದ್ಧವಾದ ಪ್ರಯೋಗಶಾಲೆಯ ಮುಂದಾಳು ನಮ್ಮ ನೆರೆಯ ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದನ್ನು ಇಲ್ಲಿ ನೆನೆಯದೆ ಹೋಗಲಾಗದು. ಅದೇ ವರ್ಷ ಅವರು ತೀರಿಕೊಂಡರು.

ಮದ್ದನ್ನು ರಕ್ತಕ್ಕೆ ಕೊಡುವ ಬದಲು ನೇರವಾಗಿ ಹೊಟ್ಟೆಯೊಳಕ್ಕೇ ಸುರಿದರೆ? ವೈಸ್‌ಬರ್ಗರ್ ಮತ್ತು ಸಂಗಡಿಗರು ಕ್ಯಾನ್ಸರಿನಿಂದ ಹೊಟ್ಟೆಯಲ್ಲಿ, ಎದೆಯಲ್ಲಿ ನೀರು ತುಂಬಿದ ರೋಗಿಗಳಿಗೆ ನೈಟ್ರೋಜನ್ ಮಸ್ಟರ್ಡನ್ನು ಹೀಗೆ ಕೊಟ್ಟು ೧೯೫೫ರಲ್ಲಿ ವರದಿ ಮಾಡಿದರು. ಏಕೆ ಇದು ಯುಕ್ತವೆಂಬುದಕ್ಕೆ ಗಣಿತದ ಆಧಾರ ಸಿಕ್ಕಿದ್ದು ೧೯೭೮ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೆಡ್ರಿಕ್ ಮತ್ತು ಜೊತೆಯವರಿಂದ. ಕೆಲವು ಮದ್ದುಗಳ ಅಣುಗಳು ದೊಡ್ಡವು. ಉದರಪೊರೆಯನ್ನು ದಾಟಿ ರಕ್ತಕ್ಕೆ ಹೋಗಲು ಅವಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹೊಟ್ಟೆಯೊಳಗೆ ಅವುಗಳ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಮೈಗೆಲ್ಲ ಆಗುವ ಕೇಡು ಕಡಿಮೆ, ಇದ್ದಲ್ಲಿ ಆಗುವ ಕೆಲಸ ಹೆಚ್ಚು. ಒಂದು ಕೊರತೆ ಮಾತ್ರ ಉಳಿಯಿತು. ಮದ್ದು ಪೊರೆಯ ಮೇಲಿನಿಂದ ಕೆಲವೇ ಮಿಲಿಮೀಟರಿನಷ್ಟು ಆಳಕ್ಕೆ ಇಳಿಯಬಲ್ಲುದು. ಅಡಕೆ ಗಾತ್ರದ ಗಂಟಿನ ಮೇಲೆ ಅದನ್ನು ಸುರಿದರೆ ಕಲ್ಲಿನ ಮೇಲೆ ನೀರು ಹೊಯ್ದಂತೆಯೇ ಸರಿ.

ಮೂರನೆಯದು ಕಾವು. ನೋವಿದ್ದ ಕಡೆ ಶಾಖ ಕೊಡುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ನಮ್ಮ ಅಜ್ಜಿಯರೆಲ್ಲ ಬಟ್ಟೆಯ ಗಂಟು ಕಾಯಿಸಿಟ್ಟವರೇ. ಆದರೆ ಕ್ಯಾನ್ಸರಿಗೂ ಕಾವಿಗೂ ನಂಟು ಹೊಳೆದದ್ದು ಜ್ವರದ ದಾರಿಯಿಂದ. ೧೮೬೬ರಲ್ಲಿ ಜರ್ಮನಿಯ ಬುಶ್ ಎಂಬ ವೈದ್ಯ, ವಿಸರ್ಪವೆಂಬ ಚರ್ಮರೋಗದ ಕಡುಜ್ವರ ಬಂದು ಹೋದ ಮೇಲೆ ರೋಗಿಯ ಮುಖದ ಗೆಡ್ಡೆ ಕರಗಿದ್ದನ್ನು ಬರೆದಿಟ್ಟ. ನ್ಯೂಯಾರ್ಕಿನ ವಿಲಿಯಂ ಕೋಲಿ ೧೮೯೧ರಿಂದ ಮೊದಲುಗೊಂಡು ರೋಗಾಣುಗಳನ್ನು ಬೇಕೆಂದೇ ಚುಚ್ಚಿ ಜ್ವರ ಬರಿಸಿದ. ಕೆಲವರಿಗೆ ಗುಣವಾಯಿತು, ಕೆಲವರು ಜ್ವರಕ್ಕೇ ಬಲಿಯಾದರು. ಕೋಲಿಯ ಸಾಹಸದಲ್ಲಿ ಕಾವಿನ ಪಾಲೆಷ್ಟು, ಮೈಯ ರೋಗನಿರೋಧ ಶಕ್ತಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವಂತಿರಲಿಲ್ಲ. ಬಿಡಿಸಿ ನೋಡಿದವರು ರೋಮ್ ನಗರದ ಕವಲಿಯೇರೆ ಮತ್ತು ಸಂಗಡಿಗರು, ೧೯೬೭ರಲ್ಲಿ. ನಾಲ್ವತ್ತೆರಡು ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಕಾವನ್ನು ಆರೋಗ್ಯವಾದ ಜೀವಕೋಶಗಳು ಸಹಿಸುತ್ತವೆ, ಕ್ಯಾನ್ಸರಿನ ಹಲವು ಜೀವಕೋಶಗಳು ಸಹಿಸಲಾರವು ಎಂದು ಅವರು ಕಂಡರು. ಬಿಸಿ ಮಾಡಿದ ರಕ್ತವನ್ನು ಕೈಕಾಲುಗಳಲ್ಲಿ ಹರಿಸಿ ಗೆಡ್ಡೆಗಳಿಗೆ ಚಿಕಿತ್ಸೆಯನ್ನೂ ಮಾಡಿದರು. ಹ್ಯೂಸ್ಟನ್ನಿನ ಸ್ಟೆಲಿನ್ ೧೯೬೯ರಲ್ಲಿ ಇದಕ್ಕೆ ಮದ್ದನ್ನು ಕೂಡಿಸಿದ. ಕಾವಿನಲ್ಲಿ ಮದ್ದು ಹೆಚ್ಚು ಆಳಕ್ಕೆ ಇಳಿಯುತ್ತದೆ, ಕೆಲವು ಮದ್ದುಗಳ ಶಕ್ತಿಯೂ ಏರುತ್ತದೆ. ತೋಳಿಗೆ, ತೊಡೆಗೆ ಇದು ಸಾಧ್ಯವಾಯಿತು. ಹೊಟ್ಟೆ ಹಾಗೆಯೇ ಉಳಿದಿತ್ತು.

ಮೂರು ಎಳೆಗಳನ್ನು ಹೊಟ್ಟೆಯೊಳಗೆ ಹೊಸೆಯಲು ನೆವವಾದದ್ದು ಒಂದು ಅಪರೂಪದ ರೋಗ. ಹೊಟ್ಟೆಯ ತುಂಬ ಲೋಳೆ ತುಂಬಿಕೊಳ್ಳುವ ಒಂದು ಸ್ಥಿತಿಯನ್ನು ವಿಯೆನ್ನಾದ ರೋಕಿಟಾನ್ಸ್ಕಿ ೧೮೪೨ರಲ್ಲೇ ಬಣ್ಣಿಸಿದ್ದ. ವೆರ್ತ್ ಎಂಬಾತ ೧೮೮೪ರಲ್ಲಿ ಅದಕ್ಕೆ ಸ್ಯೂಡೋಮಿಕ್ಸೋಮಾ ಎಂದು ಹೆಸರಿಟ್ಟ. ಹೆಚ್ಚಾಗಿ ಅಪೆಂಡಿಕ್ಸ್ ಎಂಬ ಆ ಬೆರಳುದ್ದದ ಕರುಳಬಾಲದಲ್ಲಿ ಹುಟ್ಟುವ ಗೆಡ್ಡೆ ಒಡೆದು, ಲೋಳೆ ಒಸರುವ ಕಣಗಳು ಹೊರಚೆಲ್ಲಿ, ವರುಷಗಟ್ಟಲೆ ಒಸರಿ ಒಸರಿ ಹೊಟ್ಟೆಯನ್ನು ಬೆಂದ ಸಬ್ಬಕ್ಕಿಯಂಥ ಲೋಳೆಯಿಂದ ತುಂಬುತ್ತವೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ನಾಲ್ವರಿಗೋ ಬರುವ ರೋಗ. ರೋಮನ್ ಹಾಲಿಡೇ ಚಿತ್ರದಲ್ಲಿ ನಿಮ್ಮಲ್ಲಿ ಅನೇಕರ ಮನಗೆದ್ದ ಆಡ್ರಿ ಹೆಪ್‌ಬರ್ನ್ ೧೯೯೩ರ ಜನವರಿಯಲ್ಲಿ ತೀರಿಕೊಂಡದ್ದು ಈ ಬಳಗದ ಕ್ಯಾನ್ಸರಿನಿಂದಲೇ. ಈ ರೋಗಕ್ಕೆ ಒಂದು ಗುಣವುಂಟು, ಗುಣವೆನ್ನಬಹುದಾದರೆ: ಅದು ಹೊಟ್ಟೆಯನ್ನು ಬಿಟ್ಟು ಪಿತ್ತಕೋಶದ ಒಳಕ್ಕೋ ಶ್ವಾಸಕೋಶಕ್ಕೋ ಹೋಗುವುದು ಬಹಳ ಅಪರೂಪ. ಹೊಟ್ಟೆಯೊಳಗಷ್ಟೇ ಗೆದ್ದರೆ ರೋಗವನ್ನೇ ಗೆದ್ದಂತೆ.

ಅಮೆರಿಕದ ಜಾನ್ ಸ್ಪ್ರ್ಯಾಟ್ ಈ ರೋಗವನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದ ಶಸ್ತ್ರವೈದ್ಯ. ಮದ್ದಿನ ದ್ರವವನ್ನು ಕಾಯಿಸಿ, ಹೊಟ್ಟೆಯೊಳಗೆ ಹರಿಸಿ, ಹೊರಬಂದದ್ದನ್ನು ಸೋಸಿ, ಮತ್ತೆ ಕಾಯಿಸಿ ಒಳಬಿಡುವ ಯಂತ್ರವೊಂದರ ವಿನ್ಯಾಸವನ್ನೂ ಪರೀಕ್ಷೆಯನ್ನೂ ಕುರಿತು ಮಿಸ್ಸೂರಿ ವಿಶ್ವವಿದ್ಯಾನಿಲಯದಲ್ಲಿ ಜೆ. ಆರ್. ಪಾಲ್ಟಾ ೧೯೭೭ರಲ್ಲಿ ಪ್ರಬಂಧ ಬರೆದಿದ್ದರು. ನಾಯಿಗಳ ಮೇಲೆ ಪರೀಕ್ಷೆಗಳಾದುವು. ಆಮೇಲೆ ಕೆಂಟಕಿ ಪ್ರಾಂತದ ಲೂಯಿವಿಲ್ ನಗರದಲ್ಲಿ ಸ್ಪ್ರ್ಯಾಟ್ ಮೂವತ್ತೈದು ವಯಸ್ಸಿನ ಒಬ್ಬ ಗಂಡಸಿನ ಹೊಟ್ಟೆಯಿಂದ ಲೋಳೆಗೆಡ್ಡೆಗಳನ್ನು ತೆಗೆದು, ಥಯೊಟೆಪಾ ಎಂಬ ಮದ್ದು ಬೆರೆಸಿದ ದ್ರವವನ್ನು ನಾಲ್ವತ್ತೆರಡು ಡಿಗ್ರಿಗೆ ಕಾಯಿಸಿ ಒಳಗೆ ಹರಿಸಿದ. ರೋಗಿ ಅದನ್ನು ತಾಳಿಕೊಂಡ. ಈ ವರದಿ ೧೯೮೦ರಲ್ಲಿ ಅಚ್ಚಾಯಿತು. ಕತ್ತಿ, ಮದ್ದು, ಕಾವು ಮೂರೂ ಒಬ್ಬನೇ ಮನುಷ್ಯನ ಹೊಟ್ಟೆಯಲ್ಲಿ ಕೂಡಿದ ಮೊದಲ ದಾಖಲೆ ಅದು. ಜಪಾನಿನಲ್ಲಿ ಜಠರದ ಕ್ಯಾನ್ಸರಿನ ಕಾಟ ಹೆಚ್ಚು. ಅಲ್ಲಿ ಕೋಗ, ಫುಜಿಮೊಟೊ, ಯೊನೆಮುರ ಮೊದಲಾದವರು ಎಂಬತ್ತರ ದಶಕದಲ್ಲಿ ತಮ್ಮ ದೇಶದಲ್ಲೇ ಕಂಡುಹಿಡಿದ ಮೈಟೊಮೈಸಿನ್ ಎಂಬ ಮದ್ದನ್ನು ಹಿಡಿದು ಇದೇ ದಾರಿಯಲ್ಲಿ ನಡೆದರು.

ಆದರೆ ಈ ಚಿಕಿತ್ಸೆಯೊಂದಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಹೆಸರು ವಾಷಿಂಗ್ಟನ್ನಿನ ಪಾಲ್ ಶುಗರ್‌ಬೇಕರ್ ಅವರದು. ಉದರಪೊರೆಗೆ ಹರಡಿತೆಂದರೆ ಕ್ಯಾನ್ಸರು ಮೈಯೆಲ್ಲ ಹರಡಿದಂತೆ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಪೊರೆಯೂ ಒಂದು ಅಂಗವೇ. ಯಕೃತ್ತಿನಲ್ಲಿ ಗೆಡ್ಡೆಯಾದರೆ ಆ ಭಾಗವನ್ನು ಕೊಯ್ದು ತೆಗೆಯುವಂತೆ ಪೊರೆಯನ್ನೇಕೆ ತೆಗೆಯಬಾರದು? ಈ ಕೆಲಸದ ಕ್ರಮವನ್ನು ಅವರು ೧೯೯೫ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದರು.

ಆ ಶಸ್ತ್ರಕ್ರಿಯೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಎದೆಗೂಡಿನ ಕೆಳತುದಿಯಿಂದ ಕಿಬ್ಬೊಟ್ಟೆಯವರೆಗೆ ಉದ್ದಕ್ಕೂ ಕೊಯ್ಯುತ್ತಾರೆ. ಮೊದಲು ಎಣಿಕೆ: ಹೊಟ್ಟೆಯನ್ನೂ ಸಣ್ಣ ಕರುಳನ್ನೂ ಸೇರಿಸಿ ಹದಿಮೂರು ಭಾಗಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ರೋಗವೆಷ್ಟಿದೆಯೆಂದು ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಒಟ್ಟು ಹೆಚ್ಚೆಂದರೆ ಮೂವತ್ತೊಂಬತ್ತು. ಶಾಲೆಯ ಅಂಕಗಳಂತಲ್ಲ ಇವು. ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು. ಆಮೇಲೆ ಕೊಬ್ಬಿನ ಸೆರಗನ್ನು ತೆಗೆಯುತ್ತಾರೆ. ಗೋಡೆಗೆ ಅಂಟಿಸಿದ ಕಾಗದವನ್ನು ಸುಲಿಯುವಂತೆ ರೋಗ ತಗುಲಿದ ಪೊರೆಯನ್ನು ವಪೆಯ ಅಡಿಯಿಂದ, ಪಕ್ಕೆಗಳಿಂದ, ಕಿಬ್ಬೊಟ್ಟೆಯ ಗುಂಡಿಯಿಂದ ವಿದ್ಯುತ್ ಕತ್ತಿಯಿಂದ ಸುಡುತ್ತ ಸುಲಿಯುತ್ತಾರೆ. ಬೇಕಾದರೆ ಗುಲ್ಮ, ಪಿತ್ತದ ಚೀಲ, ಕರುಳಿನ ತುಂಡುಗಳು, ಗರ್ಭಕೋಶ, ಅಂಡಾಶಯಗಳೂ ಹೋಗುತ್ತವೆ. ಕಣ್ಣಿಗೆ ಕಾಣುವ ಒಂದು ಕಾಳೂ ಉಳಿಯಬಾರದೆಂಬುದು ಗುರಿ. ಎಂಟು, ಹತ್ತು, ಹನ್ನೆರಡು ಗಂಟೆಗಳೂ ಆಗುವುದುಂಟು. ಮನೆಯವರು ಹೊರಗೆ ಕುಳಿತು ಬೆಳಗಿನ ಕಾಫಿಯಿಂದ ರಾತ್ರಿಯ ಊಟದ ಹೊತ್ತಿನವರೆಗೆ ಬಾಗಿಲನ್ನೇ ನೋಡುತ್ತಿರುತ್ತಾರೆ.

ಕಾವಿನ ಸರದಿ ಕೊನೆಗೆ. ಒಳಗೆ ಕೊಳವೆಗಳನ್ನೂ ಉಷ್ಣಮಾಪಕಗಳನ್ನೂ ಇಟ್ಟು, ಕಾಯಿಸುವ ಯಂತ್ರಕ್ಕೆ ಜೋಡಿಸಿ, ಮದ್ದಿನ ದ್ರವವನ್ನು ನಾಲ್ವತ್ತೊಂದರಿಂದ ನಾಲ್ವತ್ಮೂರು ಡಿಗ್ರಿಯ ನಡುವೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಹರಿಸುತ್ತಾರೆ. ಅಭ್ಯಂಜನದ ದಿನ ಹಂಡೆಯ ನೀರನ್ನು ಹದಮಾಡಿ ಹೊಯ್ದುಕೊಳ್ಳುತ್ತೇವಲ್ಲ, ಹೆಚ್ಚುಕಡಿಮೆ ಆ ಹದ. ಅದಕ್ಕಿಂತ ಹೆಚ್ಚಾದರೆ ಕರುಳು ಬೇಯುತ್ತದೆ. ಕಡಿಮೆಯಾದರೆ ಕೆಲಸ ಸಾಗದು. ಕೆಲವರು ಹೊಟ್ಟೆಯನ್ನು ತೆರೆದೇ ಇಟ್ಟು ಅಂಚಿನ ಚರ್ಮವನ್ನು ಮೇಲಿನ ಚೌಕಟ್ಟಿಗೆ ಕಟ್ಟಿ, ಕೈಯಾಡಿಸಿ ದ್ರವವನ್ನು ಮೂಲೆಮೂಲೆಗೂ ಮುಟ್ಟಿಸುತ್ತಾರೆ. ಕೆಲವರು ಹೊಲಿದು ಮುಚ್ಚಿ ಹೊರಗಿನಿಂದ ಹೊಟ್ಟೆಯನ್ನು ಅಲ್ಲಾಡಿಸುತ್ತಾರೆ. ಇಡೀ ಚಿಕಿತ್ಸೆಯ ಬಿಸಿಮದ್ದಿನ ಭಾಗಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಹೈಪೆಕ್ ಎಂಬ ಹೆಸರು ಬಂದಿದೆ.

ಇಷ್ಟೆಲ್ಲ ಮಾಡಿ ಬಂದ ಫಲವೇನು? ಈ ಪ್ರಶ್ನೆಗೆ ಶಸ್ತ್ರವೈದ್ಯನ ಹೇಳಿಕೆಯೊಂದೇ ಸಾಲದು. ತಾನು ಹತ್ತು ಗಂಟೆ ನಿಂತು ಮಾಡಿದ ಕೆಲಸ ವ್ಯರ್ಥವೆಂದು ಯಾರಿಗೆ ತಾನೆ ತೋರೀತು? ಮೊದಲ ಗಟ್ಟಿಯಾದ ಪರೀಕ್ಷೆ ನಡೆದದ್ದು ಆಮ್‌ಸ್ಟರ್‌ಡಾಮಿನಲ್ಲಿ. ದೊಡ್ಡ ಕರುಳಿನ ಕ್ಯಾನ್ಸರು ಉದರಪೊರೆಗೆ ಹರಡಿದ ನೂರೈದು ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಗ ರೂಢಿಯಲ್ಲಿದ್ದ ಮದ್ದಿನ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಈ ದೊಡ್ಡ ಶಸ್ತ್ರಕ್ರಿಯೆ ಮತ್ತು ಬಿಸಿಮದ್ದನ್ನೂ ಕೊಟ್ಟರು. ಫರ್ವಾಲ್ ಮತ್ತು ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದ ಫಲ ಹೀಗಿತ್ತು: ಮೊದಲ ಗುಂಪಿನ ಮಧ್ಯಮ ಆಯುಸ್ಸು ೧೨.೬ ತಿಂಗಳು, ಎರಡನೆಯದರದು ೨೨.೩ ತಿಂಗಳು. ಹೆಚ್ಚುಕಡಿಮೆ ಇಮ್ಮಡಿ. ಆದರೆ ಎರಡನೆಯ ಗುಂಪಿನಲ್ಲಿ ನೂರಕ್ಕೆ ಎಂಟು ಮಂದಿ ಚಿಕಿತ್ಸೆಯಿಂದಲೇ ಸತ್ತರು ಎಂಬುದನ್ನೂ ಅದೇ ವರದಿ ಮುಚ್ಚಿಡದೆ ಹೇಳಿತು.

ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಬಿಸಿಮದ್ದಿನ ಯಂತ್ರಗಳು ಬಂದುವು. ಇಲ್ಲೊಂದು ಸಂದೇಹವನ್ನು ನೀವೂ ಎತ್ತಬಹುದು. ಆ ಡಚ್ ಪರೀಕ್ಷೆಯಲ್ಲಿ ಎರಡನೆಯ ಗುಂಪಿಗೆ ಕತ್ತಿಯೂ ಸಿಕ್ಕಿತು, ಬಿಸಿಮದ್ದೂ ಸಿಕ್ಕಿತು. ಉಪಕಾರ ಮಾಡಿದ್ದು ಯಾವುದು? ಕತ್ತಿಯೇ ಎಲ್ಲವನ್ನೂ ಮಾಡಿದ್ದರೆ ಬಿಸಿನೀರು ಬರಿಯ ಆಡಂಬರವಾಗಿರಬಹುದಲ್ಲ?

ಫ್ರಾನ್ಸಿನವರು ಇದನ್ನೇ ಪರೀಕ್ಷೆಗೆ ಒಡ್ಡಿದರು. ೨೦೦೮ರಿಂದ ೨೦೧೪ರವರೆಗೆ ಹದಿನೇಳು ಆಸ್ಪತ್ರೆಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ೨೬೫ ರೋಗಿಗಳು. ಎಲ್ಲರಿಗೂ ಪೂರ್ತಿಯಾದ ಶಸ್ತ್ರಕ್ರಿಯೆ. ಅರ್ಧದಷ್ಟು ಮಂದಿಗೆ ಮಾತ್ರ ಆಕ್ಸಾಲಿಪ್ಲಾಟಿನ್ ಎಂಬ ಮದ್ದನ್ನು ಕಾಯಿಸಿ ಅರ್ಧ ಗಂಟೆ ಹರಿಸಿದರು. ಮೋಂಪೆಲಿಯೇ ನಗರದ ಕೆನೆ ಮತ್ತು ಸಂಗಡಿಗರು ೨೦೧೮ರಲ್ಲಿ ಫಲವನ್ನು ಸಭೆಯ ಮುಂದಿಟ್ಟರು. ಪೂರ್ಣ ವರದಿ ೨೦೨೧ರಲ್ಲಿ ಬಂತು. ಬಿಸಿಮದ್ದು ಪಡೆದವರ ಮಧ್ಯಮ ಆಯುಸ್ಸು ೪೧.೭ ತಿಂಗಳು. ಪಡೆಯದವರದು ೪೧.೨. ಅಂತರವೇ ಇಲ್ಲ! ಮೇಲಾಗಿ, ಎರಡನೆಯ ತಿಂಗಳಲ್ಲಿ ತೀವ್ರವಾದ ತೊಡಕುಗಳು ಬಿಸಿಮದ್ದಿನವರಲ್ಲೇ ಹೆಚ್ಚು.

ಇದನ್ನು ಸೋಲೆಂದು ಓದಿದವರೇ ಬಹಳ. ನನಗೆ ಅದರಲ್ಲಿ ಇನ್ನೊಂದು ಸುದ್ದಿ ದೊಡ್ಡದಾಗಿ ಕಾಣುತ್ತದೆ. ಎರಡೂ ಗುಂಪಿನಲ್ಲಿ ಅರ್ಧದಷ್ಟು ಮಂದಿ ಮೂರು ವರ್ಷಕ್ಕೂ ಮಿಕ್ಕಿ ಬದುಕಿದ್ದರು. ಐದು ವರ್ಷ ಕಳೆದಾಗಲೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ಉಳಿದಿದ್ದರು. ಹೊಟ್ಟೆ ಕೊಯ್ದು, ನೋಡಿ, ಹೊಲಿದುಬಿಡುತ್ತಿದ್ದ ರೋಗಿಗಳು ಇವರು. ಮೀಗ್ಸ್ ಹಿಡಿದ ಹಟ ಗೆದ್ದಿತ್ತು, ಯಂತ್ರ ಗೆಲ್ಲಲಿಲ್ಲ. ಮದ್ದಿನ ಆಯ್ಕೆ ಸರಿಯಿರಲಿಲ್ಲ, ಅರ್ಧ ಗಂಟೆ ಸಾಲದಾಯಿತು, ಆ ಮದ್ದನ್ನು ರೋಗಿಗಳು ಮೊದಲೇ ರಕ್ತದ ಮೂಲಕ ಪಡೆದು ಅದಕ್ಕೆ ಒಗ್ಗಿಹೋಗಿದ್ದರು ಎಂದು ಬಿಸಿಮದ್ದಿನ ಪಕ್ಷದವರು ವಾದಿಸುತ್ತಾರೆ. ವಾದದಲ್ಲಿ ತಿರುಳಿರಬಹುದು. ಆದರೆ ರುಜುವಾತು ಮಾಡುವ ಹೊಣೆ ಅವರದೇ.

ಅಂಡಾಶಯದ ಕ್ಯಾನ್ಸರಿನ ವಿಷಯದಲ್ಲಿ ಫಲ ಬೇರೆಯಾಗಿತ್ತು. ಡಚ್ಚರೇ ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೨೪೫ ಹೆಂಗಸರಿಗೆ ಮೊದಲು ಮೂರು ಸುತ್ತು ಮದ್ದು ಕೊಟ್ಟು ರೋಗವನ್ನು ಕುಗ್ಗಿಸಿ, ಆಮೇಲೆ ಶಸ್ತ್ರಕ್ರಿಯೆ ಮಾಡಿದರು. ಅರ್ಧದಷ್ಟು ಮಂದಿಗೆ ಸಿಸ್‌ಪ್ಲಾಟಿನ್ ಮದ್ದನ್ನು ನಾಲ್ವತ್ತು ಡಿಗ್ರಿಯಲ್ಲಿ ಹೊಟ್ಟೆಯೊಳಗೆ ಹರಿಸಿದರು. ಅವರ ಮಧ್ಯಮ ಆಯುಸ್ಸು ೪೫.೭ ತಿಂಗಳಾಯಿತು; ಬರಿಯ ಶಸ್ತ್ರಕ್ರಿಯೆಯವರದು ೩೩.೯. ಹತ್ತು ವರ್ಷ ಹಿಂಬಾಲಿಸಿ ನೋಡಿ ೨೦೨೩ರಲ್ಲಿ ಬರೆದಾಗಲೂ ಸುಮಾರು ಒಂದು ವರ್ಷದ ಆ ಅಂತರ ಉಳಿದೇ ಇತ್ತು. ೨೦೨೨ರಲ್ಲಿ ಬಂದ ಕೊರಿಯದ ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಮೊದಲೇ ಮದ್ದು ಪಡೆದಿದ್ದ ಹೆಂಗಸರ ಗುಂಪಿನಲ್ಲಿ ಮಾತ್ರ ಕಂಡಿತು. ಅಂದಮೇಲೆ ಯಾರಿಗೆ, ಯಾವ ಹೊತ್ತಿನಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈಚಿನ ವರ್ಷಗಳಲ್ಲಿ ಬೆಂಗಳೂರು, ಮುಂಬಯಿ ಮೊದಲಾದ ಕಡೆಗಳಲ್ಲಿಯೂ ಈ ಚಿಕಿತ್ಸೆ ನಡೆಯುತ್ತಿದೆ. ಆದ್ದರಿಂದ ಇದು ದೂರದ ದೇಶದ ಸುದ್ದಿಯಲ್ಲ. ನಿಮ್ಮ ಮನೆಯ ಬಾಗಿಲಿಗೂ ಬರಬಹುದಾದ ಪ್ರಶ್ನೆ. ಜಾಹೀರಾತಿನಲ್ಲಿ ಯಂತ್ರದ ಚಿತ್ರ ದೊಡ್ಡದಾಗಿರುತ್ತದೆ. ಹಾಗೆ ಬಂದಾಗ ಯಂತ್ರ ಯಾವ ದೇಶದ್ದೆಂದು ಕೇಳಿ ಉಪಯೋಗವಿಲ್ಲ. ಆ ಹದಿಮೂರು ಭಾಗಗಳ ಅಂಕ ಎಷ್ಟು ಬಂದೀತು, ಕಾಣುವ ರೋಗವನ್ನೆಲ್ಲ ತೆಗೆಯಲಾದೀತೇ, ಈ ಆಸ್ಪತ್ರೆಯಲ್ಲಿ ಇಂಥವು ಎಷ್ಟು ನಡೆದಿವೆ, ಅವರಲ್ಲಿ ಎಷ್ಟು ಮಂದಿ ಮನೆಗೆ ನಡೆದುಹೋದರು ಎಂದು ಕೇಳಿ. ಕೇಳುವುದು ಅವಿನಯವಲ್ಲ, ಒಳ್ಳೆಯ ವೈದ್ಯರು ಆ ಲೆಕ್ಕವನ್ನು ಇಟ್ಟಿರುತ್ತಾರೆ. ಹೊಲಿಗೆ ಬಿಟ್ಟು ಕರುಳು ಸೋರುವುದು, ರಕ್ತಸ್ರಾವ, ನಂಜು, ಮೂತ್ರಪಿಂಡಕ್ಕೆ ಪೆಟ್ಟು ಇವು ಬರಬಹುದಾದ ಕಷ್ಟಗಳು. ಕೆಲವರು ಹೊಟ್ಟೆಗೆ ಕಟ್ಟಿದ ಚೀಲದೊಂದಿಗೆ ಬಾಳಬೇಕಾಗುತ್ತದೆ. ಮುದಿಯಾದ, ಬಳಲಿದ ಮೈ ಇದನ್ನು ತಾಳಲಾರದು.

ಇನ್ನು, ಎಲ್ಲಕ್ಕೂ ಮೊದಲಾದ ಆ ಲೋಳೆಯ ರೋಗ. ಅಪೆಂಡಿಕ್ಸಿನಿಂದ ಹುಟ್ಟಿದ ಸ್ಯೂಡೋಮಿಕ್ಸೋಮಾ ಇದ್ದು, ಜಗತ್ತಿನ ಹದಿನಾರು ಕೇಂದ್ರಗಳಲ್ಲಿ ಹೀಗೆ ಚಿಕಿತ್ಸೆ ಪಡೆದ ೨೨೯೮ ರೋಗಿಗಳ ಲೆಕ್ಕವನ್ನು ೨೦೧೨ರಲ್ಲಿ ಒಟ್ಟುಗೂಡಿಸಿದರು. ಹತ್ತು ವರ್ಷಗಳ ಬಳಿಕ ನೂರಕ್ಕೆ ಅರವತ್ತಮೂರು ಮಂದಿ, ಹದಿನೈದು ವರ್ಷಗಳ ಬಳಿಕ ಐವತ್ತೊಂಬತ್ತು ಮಂದಿ ಬದುಕಿದ್ದರು ಎಂದು ಆ ಲೆಕ್ಕ ಹೇಳುತ್ತದೆ. ಚಿಕಿತ್ಸೆಯಿಂದ ಸತ್ತವರು ನೂರಕ್ಕೆ ಇಬ್ಬರು. ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆಯಲ್ಲ ಇದು. ಆದರೆ ಹತ್ತು ವರ್ಷ ಬದುಕುವ ದಾರಿಯೊಂದು ಕಂಡ ಮೇಲೆ, ನೀನು ಆ ದಾರಿಯಲ್ಲಿ ಹೋಗಬೇಡವೆಂದು ಚೀಟಿಯಲ್ಲಿ ಬರೆದು ಯಾವ ರೋಗಿಯ ಕೈಗೆ ಕೊಡುವುದು?